ಊರಿಗೆ ಹೋದಾಗ ಮನೆಯ ಟಪಾಲನ್ನು ಕಾದುಕೊಂಡ ಬಗೆ

ನ್ಯೂಜೆರ್ಸಿಯಲ್ಲಿರುವ ನಮ್ಮ ಮನೆಯ ಅಂಚೆ ಡಬ್ಬಿ ರಸ್ತೆಯಂಚಿನ ಕಂಬದ ಮೇಲಿದೆ. ಅದಕ್ಕೆ ಬೀಗವಿಲ್ಲ, ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಮುಚ್ಚಳ ತೆರೆದು ಕೈ ಹಾಕಬಹುದು. 2022ರ ಡಿಸೆಂಬರಿನಲ್ಲಿ ನಾವು ಮೈಸೂರಿಗೆ ಹೋಗಿದ್ದಾಗ ಹಾಗೆಯೇ ಆಯಿತು. ಮೂರು ವಾರಗಳ ಟಪಾಲು ತುಂಬಿ ಮುಚ್ಚಳ ಅರ್ಧ ತೆರೆದುಕೊಂಡಿದ್ದ ಆ ಡಬ್ಬಿಯಿಂದ ಬ್ಯಾಂಕು ಕಳುಹಿಸಿದ್ದ ಹೊಸ ಚೆಕ್ ಪುಸ್ತಕವನ್ನು ಯಾರೋ ಎತ್ತಿಕೊಂಡು ಹೋಗಿ, ಎರಡು ಚೆಕ್‌ಗಳಿಗೆ ನನ್ನ ಸಹಿಯನ್ನು ಹೋಲುವ ಗೀಟೊಂದನ್ನು ಎಳೆದು ಹಣ ಪಡೆದಿದ್ದರು. ಬ್ಯಾಂಕಿಗೆ ಪ್ರಮಾಣಪತ್ರ ಬರೆದುಕೊಟ್ಟು, ಅಂಚೆ ಅಪರಾಧಗಳನ್ನು ವಿಚಾರಿಸುವ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್‌ಗೂ ದೂರು ಸಲ್ಲಿಸಿದ ಮೇಲೆ ಹಣವೇನೋ ಮರಳಿತು. ಟಪಾಲು ಕದ್ದವನಿಗೆ ಇಲ್ಲಿನ ಕಾನೂನು ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದರೂ ನನ್ನ ಕಳ್ಳ ಯಾರೆಂಬುದು ಇಂದಿಗೂ ತಿಳಿದಿಲ್ಲ.

ಮರುವರ್ಷದ ಪ್ರವಾಸ ಡಿಸೆಂಬರ್ 10ರಿಂದ ಜನವರಿ 18ರವರೆಗೆ, ಅಂದರೆ ನಲವತ್ತು ದಿನ. ಅಮೆರಿಕದ ಅಂಚೆ ಇಲಾಖೆಯಲ್ಲಿ ಹೋಲ್ಡ್ ಮೇಲ್ ಎಂಬ ಉಚಿತ ಸೌಲಭ್ಯವಿದ್ದು, ಕೋರಿಕೆ ಸಲ್ಲಿಸಿದರೆ ಆ ವಿಳಾಸಕ್ಕೆ ಬರುವ ಎಲ್ಲರ ಟಪಾಲನ್ನೂ ಅಂಚೆ ಕಚೇರಿಯಲ್ಲಿಯೇ ತಡೆದಿಡುತ್ತಾರೆ. ಆದರೆ ಅದರ ಅವಧಿ ಕನಿಷ್ಠ ಮೂರು ದಿನ, ಗರಿಷ್ಠ ಮೂವತ್ತು ದಿನ ಮಾತ್ರ. ಅದಕ್ಕಿಂತ ಹೆಚ್ಚು ದಿನ ಹೋಗುವವರು ತಾತ್ಕಾಲಿಕವಾಗಿ ವಿಳಾಸ ಬದಲಿಸಿ ಟಪಾಲನ್ನು ಬೇರೆಡೆಗೆ ತಿರುಗಿಸಿಕೊಳ್ಳಬಹುದು. ಡಲ್ಲಾಸಿನಲ್ಲಿರುವ ಭಾವನ ಮನೆಗೆ ತಿರುಗಿಸೋಣವೆಂದು ನಾನೂ ಯೋಚಿಸಿದ್ದೆ. ಆಗ ನನ್ನವಳ ಕೆಲಸದ ಪರವಾನಗಿ ಕಾರ್ಡು ಬರುವುದಿತ್ತು. ಇಂಥ ಕಾರ್ಡುಗಳ ಲಕೋಟೆಯ ಮೇಲೆ ಸಾಮಾನ್ಯವಾಗಿ, ವಿಳಾಸದಾರ ಅಲ್ಲಿಲ್ಲದಿದ್ದರೆ ಕಳುಹಿಸಿದವರಿಗೇ ಹಿಂದಿರುಗಿಸಬೇಕೆಂಬ ಸೂಚನೆ ಇರುವುದರಿಂದ, ಅದು ಡಲ್ಲಾಸಿಗೆ ಹೋಗದೆ ವಲಸೆ ಇಲಾಖೆಗೇ ಮರಳುವ ಸಂಭವವಿತ್ತು. ವೀಸಾದ ಕಾಗದಪತ್ರಗಳಿಗಾಗಿ ಕಾಯುತ್ತಿರುವ ನಮ್ಮವರು ಇದನ್ನು ಗಮನಿಸದೆ ವಿಳಾಸ ತಿರುಗಿಸುವುದು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನಲವತ್ತು ದಿನಗಳನ್ನು ಎರಡಾಗಿ ಒಡೆದೆ. ಮೊದಲ ಹತ್ತು ದಿನ ಪಕ್ಕದ ಮನೆಯ ಹಾಸನದ ಅಕ್ಕ ದಿನವೂ ಸಂಜೆ ಟಪಾಲನ್ನು ತೆಗೆದಿಡಲು ಒಪ್ಪಿದರು. "ಬಾಗಿಲಿಗೆ ಸಿಕ್ಕಿಸಿ ಹೋಗುವ ಪಿಜ್ಜಾ ಚೀಟಿಗಳನ್ನೂ ತೆಗೀತೀನಿ ಬಿಡಪ್ಪ, ಅವು ನೇತಾಡ್ತಾ ಇದ್ರೆ ಮನೇಲಿ ಯಾರೂ ಇಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ" ಎಂದು ಅವರೇ ನೆನಪಿಸಿದರು. ನನಗದು ಹೊಳೆದೇ ಇರಲಿಲ್ಲ. ಅವರೂ ಡಿಸೆಂಬರ್ 22ಕ್ಕೆ ಫ್ಲೋರಿಡಾಕ್ಕೆ ಹೊರಡುವವರಿದ್ದುದರಿಂದ, 20ರಿಂದ ಜನವರಿ 18ರವರೆಗಿನ ಸರಿಯಾಗಿ ಮೂವತ್ತು ದಿನಗಳಿಗೆ ಹೋಲ್ಡ್ ಮೇಲ್ ಕೋರಿಕೆ ಹಾಕಿದೆ. ಮೂವತ್ತು ದಿನ ಮುಂಚಿತವಾಗಿಯೇ ಕೋರಿಕೆ ಸಲ್ಲಿಸಲು ಅವಕಾಶವಿರುವುದರಿಂದ ಹೊರಡುವ ವಾರದ ಗಡಿಬಿಡಿಗೆ ಅದನ್ನು ಉಳಿಸಿಕೊಳ್ಳಲಿಲ್ಲ. ಅವಧಿ ಮುಗಿದಾಗ ತಡೆದಿಟ್ಟ ಟಪಾಲನ್ನೆಲ್ಲ ಅಂಚೆಯವರೇ ತಂದುಕೊಡಲಿ ಎಂಬ ಆಯ್ಕೆಯೂ ಇದೆ, ಆದರೆ ಒಂದು ತಿಂಗಳ ಕಟ್ಟು ಬೀಗವಿಲ್ಲದ ಆ ಡಬ್ಬಿಗೇ ಬಂದು ಬೀಳುವುದು ಬೇಡವೆಂದು ಕಚೇರಿಗೆ ನಾನೇ ಬಂದು ಪಡೆಯುತ್ತೇನೆ ಎಂದು ಗುರುತು ಹಾಕಿದೆ. ಖಾಸಗಿ ಕೊರಿಯರ್‌ಗಳಿಗೆ ಈ ತಡೆ ಅನ್ವಯಿಸುವುದಿಲ್ಲವಾದ್ದರಿಂದ ಹೊರಡುವ ಹತ್ತು ದಿನ ಮೊದಲೇ ಆನ್‌ಲೈನ್ ಖರೀದಿಯನ್ನು ನಿಲ್ಲಿಸಿದೆವು.

ಇದಕ್ಕಿಂತ ಹೆಚ್ಚು ನೆರವಾದದ್ದು 2017ರಿಂದ ದೇಶದಾದ್ಯಂತ ದೊರೆಯುತ್ತಿರುವ ಇನ್‌ಫಾರ್ಮ್ಡ್ ಡೆಲಿವರಿ. ನಮ್ಮ ವಿಳಾಸಕ್ಕೆ ಬರುತ್ತಿರುವ ಲಕೋಟೆಗಳ ಹೊರಮೈಯ ಚಿತ್ರಗಳನ್ನು ಅಂಚೆ ಇಲಾಖೆ ಬೆಳಿಗ್ಗೆ ಇಮೇಲಿನಲ್ಲಿ ಕಳುಹಿಸುತ್ತದೆ. ನ್ಯೂಜೆರ್ಸಿಯ ಬೆಳಿಗ್ಗೆ ಎಂಟೂವರೆ ಎಂದರೆ ಮೈಸೂರಿನ ಸಂಜೆ ಏಳು; ಅಮ್ಮ ದೇವರಿಗೆ ದೀಪ ಹಚ್ಚಿ ಬಂದು ಕೂರುವ ಹೊತ್ತಿಗೆ ನನ್ನ ಫೋನಿನಲ್ಲಿ ಬೂದು ಬಣ್ಣದ ಲಕೋಟೆಗಳು ಮೂಡುತ್ತಿದ್ದವು. "ಅಲ್ಲೀ ಟಪಾಲು ಇಲ್ಲೇ ಬರುತ್ತೇನೋ?" ಎಂದು ಅಮ್ಮ ಒಮ್ಮೆ ಇಣುಕಿ ನೋಡಿ, ಒಳಗಿನ ಕಾಗದವನ್ನು ಓದಲಾಗುವುದಿಲ್ಲವೆಂದು ತಿಳಿದ ಮೇಲೆ ಆಸಕ್ತಿ ಕಳೆದುಕೊಂಡರು. ಜನವರಿ ಮೊದಲ ವಾರದ ಒಂದು ಚಿತ್ರದಲ್ಲಿ ವಲಸೆ ಇಲಾಖೆಯ ಲಕೋಟೆ ಕಂಡಾಗ ನನ್ನವಳು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ತನ್ನ ಹೆಸರನ್ನು ಮೂರು ಸಲ ಓದಿದಳು.

19ರ ಶುಕ್ರವಾರ ಚಾಲನಾ ಪರವಾನಗಿ ತೋರಿಸಿ, ಪ್ಲಾಸ್ಟಿಕ್ ತೊಟ್ಟಿಯ ತುಂಬ ಟಪಾಲು ಪಡೆದು ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಇಮೇಲಿನ ಚಿತ್ರಗಳೊಂದಿಗೆ ಒಂದೊಂದಾಗಿ ತಾಳೆ ನೋಡಿದೆ. ಪರವಾನಗಿ ಕಾರ್ಡು ಅದರಲ್ಲಿತ್ತು. ಚಿತ್ರದಲ್ಲಿದ್ದು ಕೈಗೆ ಸಿಗದವು ಮೂರು. ಅವುಗಳಲ್ಲಿ ಎರಡು ಮರುದಿನ ಬಂದವು, ಹಲ್ಲಿನ ವೈದ್ಯರ ನೆನಪೋಲೆಯೊಂದು ಮಾತ್ರ ಈವರೆಗೂ ಬಂದಿಲ್ಲ.