ಡವ್‌ಟೇಲ್ ಫಿಟ್ಟಿಂಗ್: ನೀಲಿ ಹಚ್ಚದೆ, ಪಿನ್ ಅಳತೆಯಲ್ಲೇ ಕೂರಿಸಿದ್ದು

ಐಟಿಐ ಫಿಟ್ಟರ್ ಟ್ರೇಡಿನಲ್ಲಿ ಡವ್‌ಟೇಲ್ ಜಾಬ್ (ಬುಡ ಕಿರಿದು, ತಲೆ ಅಗಲವಾದ ಗಂಡು ತುಂಡು ಅದೇ ಆಕಾರದ ಹೆಣ್ಣು ತುಂಡಿನಲ್ಲಿ ಕೂರುವ ಜೋಡಣೆ) ಅಂದರೆ ಎಲ್ಲರದೂ ಒಂದೇ ದಾರಿ. ಗಂಡು ತುಂಡು ಮುಗಿಸು, ನೀಲಿ ಹಚ್ಚಿ ಹೆಣ್ಣಿಗೆ ತುರುಕು, ಬಣ್ಣ ಅಂಟಿದಲ್ಲಿ ಉಜ್ಜು. ಎರಡನ್ನೂ ಪಿನ್ ಅಳತೆಯಲ್ಲೇ, ಅಂದರೆ ಮೂಲೆಯಲ್ಲಿ ದುಂಡು ಪಿನ್ ಇಟ್ಟು ಅಳೆದೇ, ಮುಗಿಸಿ ಕೊನೆಗೊಮ್ಮೆ ಕೂರಿಸುತ್ತೇನೆ ಅಂದಾಗ ಶಾಪ್‌ನಲ್ಲಿ ನಗದವರಿಲ್ಲ. ಮೂರು ಜೋಡಿ ಗುಜರಿಗೆ ಹೋದವು, ನಿಜ. ನಾಲ್ಕನೆಯದು ತಿರುಗಿಸಿ ಹಾಕಿದರೂ ಕೂತಿತು, 0.04 ಎಂಎಂ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲೂ ನುಗ್ಗಲಿಲ್ಲ.

ಫ್ಲಾಟ್ (ಚಪ್ಪಟೆ ಪಟ್ಟಿ) 60 ಅಗಲ, 10 ದಪ್ಪ, ಅಳತೆಯೆಲ್ಲ ಎಂಎಂನಲ್ಲಿ. ಕೋನ 60 ಡಿಗ್ರಿ, ಬುಡ 25, ಎತ್ತರ 15, ತಲೆ 42.32 ಬರುತ್ತದೆ. ಎರಡು ಮೂಲೆಗೂ 10 ಎಂಎಂ ಡೋವೆಲ್ ಪಿನ್ (ನಿಖರ ಅಳತೆಯ ದುಂಡು ಕಡ್ಡಿ) ಇಟ್ಟರೆ ಗಂಡಿನ ಹೊರ ಅಳತೆ 52.32, ಹೆಣ್ಣಿನ ಪಿನ್‌ಗಳ ನಡುವೆ 15.00. ಎರಡು ಬದಿಯನ್ನೂ ಒಟ್ಟಿಗೆ ಕತ್ತರಿಸಬೇಡಿ. ಮೊದಲು ಒಂದೇ ಬದಿ. ಎದುರು ಅಂಚಿನಿಂದ ಪಿನ್ ಹೊರಮೈಗೆ 56.16. ಆಮೇಲೆ ಇನ್ನೊಂದು. ಹೀಗೆ ಮಾಡದಿದ್ದರೆ ಒಟ್ಟು ಅಳತೆ ಸರಿಯಿದ್ದರೂ ನಡು ತಪ್ಪುತ್ತದೆ, ತಿರುಗಿಸಿದಾಗ ಕೂರದು.

ಮೊದಲ ಜೋಡಿ ಕೆಟ್ಟದ್ದು ಭುಜದಿಂದ, ಅಂದರೆ ಬುಡದ ಪಕ್ಕ ಪಿನ್ ಕೂರುವ ಸಮತಟ್ಟು ಮೈಯಿಂದ. ಭುಜ 0.1 ಕೆಳಗಿಳಿದರೆ ಪಿನ್ ಒಳಸರಿದು ಆ ಬದಿಯ ಓದು (ಅಳತೆಯ ಅಂಕಿ) 0.06 ಕಡಿಮೆ ತೋರಿಸುತ್ತದೆ. ಮೈಕ್ರೋಮೀಟರ್ 'ಮುಗಿಯಿತು' ಅನ್ನುತ್ತದೆ, ಇಳಿಜಾರಿನಲ್ಲಿ ಇನ್ನೂ ಲೋಹ ಕೂತಿರುತ್ತದೆ. ಆದ್ದರಿಂದ ಭುಜ ಮೊದಲು ಮುಗಿಯಬೇಕು, ಮತ್ತೆ ಮುಟ್ಟಬಾರದು.

ಎರಡನೆಯದು ಇನ್ನೂ ಕಳ್ಳತನ ಮಾಡಿತು. 10ರ ಪಿನ್ ಇಳಿಜಾರನ್ನು ತಾಗುವುದು 7.5 ಎತ್ತರದಲ್ಲಿ, ಅಂದರೆ ಸರಿಯಾಗಿ ನಡುವೆ. ಕೋನ ತಪ್ಪಿದ್ದರೂ, ಅರ ತೂಗಾಡಿ ಮೈ ಉಬ್ಬಿದ್ದರೂ ಓದು ಸರಿಯೇ. ಹಾಗಾಗಿ 6ರ ಪಿನ್ ಕೂಡ ಇಟ್ಟೆ, ಅದು 4.5ರಲ್ಲಿ ತಾಗುತ್ತದೆ. ಒಂದು ಬದಿಯಲ್ಲಿ ಎರಡು ಓದುಗಳ ವ್ಯತ್ಯಾಸ 5.46 ಬರಬೇಕು. ಕಡಿಮೆ ಬಂದರೆ ಕೋನ 60ಕ್ಕಿಂತ ಹೆಚ್ಚು. ಒಂದು ಡಿಗ್ರಿಗೆ 0.07ರಷ್ಟು. ಆ ಇಕ್ಕಟ್ಟು ಮೂಲೆಗೆ ಬೆವೆಲ್ ಪ್ರೊಟ್ರಾಕ್ಟರ್ (ಕೋನಮಾಪಕ) ತುರುಕುವುದಕ್ಕಿಂತ ಇದೇ ವಾಸಿ. ಬರ್ (ಅಂಚಿಗೆ ಏಳುವ ಲೋಹದ ಮುಳ್ಳು) ತೆಗೆಯದೆ ಅಳೆದರೆ ಎಲ್ಲ ಲೆಕ್ಕವೂ ನೀರು.

ಮೂರನೆಯದು ಮೂಲೆಯಲ್ಲಿ ಕಚ್ಚಿತು. ಮೂಲೆಗೆ 3 ಎಂಎಂ ರಂಧ್ರ ಹೊಡೆದಿದ್ದರೂ ತ್ರಿಕೋನ ಅರ ಒಂದು ಮುಖ ಉಜ್ಜುತ್ತ ಇನ್ನೊಂದನ್ನು ಕೊರೆಯುತ್ತದೆ. ಒಂದು ಮುಖದ ಹಲ್ಲು ಗ್ರೈಂಡರ್‌ನಲ್ಲಿ ತೆಗೆದೆ, ಗಳಿಗೆಗೊಮ್ಮೆ ನೀರಿಗದ್ದುತ್ತ. ನೀಲಿಗಟ್ಟಿದರೆ ಹದ ಹೋಯಿತು. ಎಷ್ಟು ಕೋನಕ್ಕೆ ಉಜ್ಜಿದೆ ಅನ್ನುವುದು ನನ್ನಲ್ಲೇ ಇರಲಿ.

ಹೆಣ್ಣಿಗೆ ಚೈನ್ ಡ್ರಿಲ್ (ಒಳಗಿನ ಲೋಹ ತೆಗೆಯಲು ಸಾಲಾಗಿ ಹೊಡೆಯುವ ರಂಧ್ರ) 4 ಎಂಎಂ ಸಾಕು. 6 ಹಾಕಿದಾಗ ಒಂದು ರಂಧ್ರ ಗೆರೆ ತಿಂದಿತು. ಹೊರ ಅಂಚಿನಿಂದ ಪಿನ್ ಒಳಮೈಗೆ 22.50, ಕೊನೆಗೆ ನಾನು ಬಿಟ್ಟ ಸಡಿಲು ಎರಡೂ ಬದಿ ಸೇರಿ 0.03. ಸ್ಮೂತ್ ಅರಕ್ಕೆ ಸೀಮೆಸುಣ್ಣ ತಿಕ್ಕಿದರೆ ಲೋಹದ ಪುಡಿ ಹಲ್ಲಿಗೆ ಸಿಕ್ಕಿಕೊಳ್ಳದು, ಗೀರೂ ಬೀಳುವುದಿಲ್ಲ.

ಖರ್ಚು: ಫ್ಲಾಟ್ ಗುಜರಿಯಲ್ಲಿ 150 ಚಿಲ್ಲರೆ, ಪಿನ್ ನಾಲ್ಕಕ್ಕೆ 100ರ ಆಸುಪಾಸು, ಅರಗಳಿಗೇ 600 ದಾಟಿತು. ಪಿನ್ ದುಡ್ಡು ಉಳಿಸಲು ಡ್ರಿಲ್ ಶ್ಯಾಂಕ್ (ಡ್ರಿಲ್‌ನ ಹಿಂಬದಿಯ ನುಣುಪು ಭಾಗ) ಇಟ್ಟು ನೋಡಿದ್ದೆ. 10 ಅಂತ ಬರೆದದ್ದು 9.96 ಇತ್ತು, ಚಕ್ ಕಚ್ಚಿದ ಗಾಯ ಬೇರೆ. ಡೋವೆಲ್ ಕೂಡ ಮೈಕ್ರೋಮೀಟರ್‌ಗೆ ಹಿಡಿಯಿರಿ, ನನ್ನದು 10.01 ಇತ್ತು. ಆ 0.01ಕ್ಕೆ ಗಂಡಿನ ಹೊರ ಅಳತೆಯಲ್ಲಿ 0.03 ಕೂಡಬೇಕು.