ಎರಡು ಊರಿನ ನೆರಳು ಹಿಡಿದು ಭೂಮಿಯ ಸುತ್ತಳತೆ ತೆಗೆದೆವು

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಭೂಮಿಯ ಸುತ್ತಳತೆಯನ್ನು ನಾನೇ ಅಳೆಯುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಗಣಿತದ ಮೇಷ್ಟ್ರು, 'ಕೋಲು ನೆಟ್ಟು ಅಳೆಯೋದು ಪುಸ್ತಕದಲ್ಲಿ ಚೆನ್ನ, ನಿನಗೆ ಅರ್ಧ ಡಿಗ್ರಿಯೂ ಸರಿಯಾಗಿ ಸಿಗಲ್ಲ' ಅಂದರು. ಮೊದಲ ಸಲ ಅವರು ಹೇಳಿದ ಹಾಗೇ ಆಯಿತು.

ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಹೀಗೇ ಅಳೆದಿದ್ದ. ಒಂದರ ಉತ್ತರಕ್ಕೆ ಇನ್ನೊಂದಿರುವ ಎರಡು ಊರುಗಳಲ್ಲಿ ಮಧ್ಯಾಹ್ನದ ನೆರಳಿನಿಂದ ಸೂರ್ಯನ ಕೋನ ತೆಗೆಯಬೇಕು. ಕೋನಗಳ ಅಂತರ 360 ಡಿಗ್ರಿಯ ಎಷ್ಟನೇ ಪಾಲೋ, ಊರುಗಳ ನಡುವಿನ ದೂರವೂ ಸುತ್ತಳತೆಯ ಅಷ್ಟನೇ ಪಾಲು. ನಾನು ಮೈಸೂರಿನಲ್ಲಿ, ನನ್ನ ಗೆಳೆಯ ಬೆಂಗಳೂರಿನಲ್ಲಿ. ಒಂದೊಂದು ಮೀಟರಿನ ಕೋಲು ನೆಟ್ಟು ಸರಿಯಾಗಿ 12 ಗಂಟೆಗೆ ನೆರಳು ಅಳೆದೆವು. ರಸ್ತೆ ಲೆಕ್ಕ 145 ಕಿ.ಮೀ. ಹಾಕಿದಾಗ ಭೂಮಿ 54–55 ಸಾವಿರ ಕಿ.ಮೀ. ಬಂತು. ಕ್ಲಾಸೆಲ್ಲ ನಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಒಂದಲ್ಲ, ನಾಲ್ಕು. ಬೆಂಗಳೂರು ನಮಗೆ ಉತ್ತರಕ್ಕಿಂತ ಹೆಚ್ಚಾಗಿ ಪೂರ್ವಕ್ಕಿದೆ, ಅಕ್ಷಾಂಶದ ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ. ನೆರಳಿನ ವ್ಯತ್ಯಾಸ ಎರಡು ಸೆಂ.ಮೀ. ಆಚೀಚೆ, ನೆರಳಿನ ತುದಿಯ ಮಸುಕೇ ಒಂದೂವರೆ ಸೆಂ.ಮೀ. ಇರುತ್ತದೆ! ನಮ್ಮ ಮಧ್ಯಾಹ್ನ 12ಕ್ಕೆ ಆಗುವುದೂ ಇಲ್ಲ. ಮೈಸೂರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬರುವುದು ಸುಮಾರು 12.22ಕ್ಕೆ. ಬಡಗಿಯಿಂದ 600 ರೂಪಾಯಿ ಕೊಟ್ಟು ಮಾಡಿಸಿದ್ದ ಹಲಗೆ ಮಳೆಗೆ ನೆನೆದು ಬಾಗಿತ್ತು. ಅದು ಅಜ್ಜಿ ಹಬ್ಬಕ್ಕೆ ಕೊಟ್ಟ ದುಡ್ಡು, ಇವತ್ತಿಗೂ ನೋವಿದೆ.

ದಾರಿ ತೋರಿಸಿದ್ದು ಭೂಪಟ. ಮೈಸೂರಿನಿಂದ ಮೇಲಕ್ಕೆ ಸ್ಕೇಲು ಇಟ್ಟೆ, ನೆಟ್ಟಗೆ ಕಲಬುರಗಿಗೆ ಹೋಯಿತು. ರೇಖಾಂಶ ಹೆಚ್ಚುಕಡಿಮೆ ಒಂದೇ, ಅಕ್ಷಾಂಶದಲ್ಲಿ ಐದು ಡಿಗ್ರಿ ಅಂತರ. ಅಲ್ಲಿ ನನ್ನ ಚಿಕ್ಕಮ್ಮನ ಮಗ ಎಂಟನೇ ಕ್ಲಾಸು ಓದುತ್ತಿದ್ದ. ಅವನನ್ನು ಒಪ್ಪಿಸಲು ಎರಡು ವಾರ ಫೋನು.

ಈ ಸಲ ಹಲಗೆ ಬಿಟ್ಟು ಶಾಲೆಯ ಸಿಮೆಂಟು ಜಗಲಿ ಹಿಡಿದೆ. ಪಿವಿಸಿ ಪೈಪು 60, ತೂಗುಗುಂಡು 80, ನೀರ್ಮಟ್ಟ 120, ಹೀಗೆ ಒಬ್ಬೊಬ್ಬರಿಗೆ 300 ರೂಪಾಯಿಯೊಳಗೆ ಮುಗಿಯಿತು. ನೆರಳಿನ ತುದಿ ಹುಡುಕುವುದನ್ನೇ ಬಿಟ್ಟೆವು. ಪೈಪಿನ ತಲೆಗೆ ತೂತಿರುವ ರಟ್ಟು ಸಿಕ್ಕಿಸಿದರೆ ನೆಲದ ಮೇಲೆ ಬೆಳಕಿನ ಮೊಟ್ಟೆಯಾಕಾರ ಬೀಳುತ್ತದೆ, ಅದರ ನಡುವಿಗೆ ಗುರುತು ಹಾಕುವುದು. ತೂತು ಎಷ್ಟು ದೊಡ್ಡದು, ರಟ್ಟು ಎಷ್ಟು ಬಾಗಿರಬೇಕು ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ, ವಸ್ತುಪ್ರದರ್ಶನ ಇನ್ನೂ ಮುಗಿದಿಲ್ಲ. 12 ಗಂಟೆಯಿಂದ ಐದೈದು ನಿಮಿಷಕ್ಕೊಂದು ಗುರುತು, ಅದರಲ್ಲಿ ಪೈಪಿನ ಬುಡಕ್ಕೆ ಅತಿ ಹತ್ತಿರದ್ದನ್ನು ತೆಗೆದುಕೊಂಡೆವು.

ಡಿಸೆಂಬರ್ 22ಕ್ಕೆ ಮೈಸೂರಿನಲ್ಲಿ ಮೋಡ. ತಮ್ಮ ಅಲ್ಲಿ ಅಳೆದು ಮುಗಿಸಿದ್ದ, ನಾನಿಲ್ಲಿ ಆಕಾಶ ನೋಡುತ್ತ ಕೂತಿದ್ದೆ. ಆದರೆ ಆ ದಿನಗಳಲ್ಲಿ ಸೂರ್ಯ ದಕ್ಷಿಣದ ತುದಿ ಮುಟ್ಟಿ ನಿಂತ ಹಾಗೇ ಇರುತ್ತಾನೆ. ಎರಡು ದಿನ ತಡವಾದರೂ ಕೋನ ಬದಲಾಗುವುದು ನಮ್ಮ ಅಳತೆಗೆ ಸಿಗದಷ್ಟು ಕಡಿಮೆ. 24ಕ್ಕೆ ಬಿಸಿಲು ಬಂತು. ಈ ದಿನವನ್ನೇ ಆರಿಸಿದ್ದು ನನ್ನ ಜಾಣತನ ಅಂತ ಈಗಲೂ ಹೇಳಿಕೊಳ್ಳುತ್ತೇನೆ.

ಒಂದು ಮೀಟರ್ ಎತ್ತರಕ್ಕೆ, ಬುಡದಿಂದ ಗುರುತಿನವರೆಗೆ ನನ್ನದು 72 ಸೆಂ.ಮೀ., ಅವನದು 86. ಕೋನ 35.75 ಮತ್ತು 40.7 ಡಿಗ್ರಿ, ಅಂತರ 4.95ರ ಹತ್ತಿರ. ದೂರಕ್ಕೆ ಅಕ್ಷಾಂಶದ ಅಂತರವನ್ನು ಡಿಗ್ರಿಗೆ 111 ಕಿ.ಮೀ. ಅಂತ ಗುಣಿಸಬಹುದಿತ್ತು, ಆದರೆ 111 ಬರುವುದೇ ಭೂಮಿಯ ಸುತ್ತಳತೆಯಿಂದ. ಉತ್ತರವನ್ನೇ ಪ್ರಶ್ನೆಯೊಳಗೆ ಸೇರಿಸಿದ ಹಾಗೆ! ಅದಕ್ಕೆ ಗೋಡೆಯ ಭೂಪಟದ ಮೇಲೆ ದಾರ ಎಳೆದು ಮಾನದಂಡಕ್ಕೆ ಹೋಲಿಸಿದೆ: 560 ಕಿ.ಮೀ. ಸುತ್ತಳತೆ 40,700 ಬಂತು. ನಿಜವಾದದ್ದು 40,000 ಚಿಲ್ಲರೆ. ಎರಡು ಪರ್ಸೆಂಟೂ ತಪ್ಪಿಲ್ಲ.

ಇದರ ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ಏಪ್ರಿಲ್ 22–23ರ ಹೊತ್ತಿಗೆ ಸೂರ್ಯ ಮೈಸೂರಿನ ನೆತ್ತಿಗೇ ಬರುತ್ತಾನಲ್ಲ, ಆಗ ರಜೆ. ಮನೆಯ ತಾರಸಿಯಲ್ಲಿ ಸ್ಟೀಲ್ ಲೋಟ ಬೋರಲು ಹಾಕಿ ಕೂತೆ. ನೆರಳು ಲೋಟದ ಕೆಳಗೇ ಅಡಗಿತು. ಅಮ್ಮನನ್ನು ಕರೆದು ತೋರಿಸಿದೆ, ಒಲೆ ಆರಿಸಿ ಬಂದಳು. ತಮ್ಮನಿಗೆ ಅದೇ ನೋಟ ಮೇ ಎರಡನೇ ವಾರದಲ್ಲಿ ಸಿಕ್ಕಿತು.

ಗಣಿತದ ಮೇಷ್ಟ್ರು ನನ್ನ ಲೆಕ್ಕದ ಹಾಳೆಯನ್ನು ಎರಡು ಸಲ ನೋಡಿ, ತಾವೇ ದಾರ ಹಿಡಿದು ಭೂಪಟದ ಮುಂದೆ ನಿಂತರು. ಅವರಿಗೆ 565 ಬಂತು. ಯಾರ ದಾರ ಸಡಿಲ ಎಂಬ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ.