ವುಲ್ಫ್ ಫಿಶ್ ಕೊಳ್ಳುವ ಮುನ್ನ ಗದ್ದದ ಕೆಳಗೆ ನೋಡಿ

ಸಾಕುಮೀನಿನ ಅಂಗಡಿಯಲ್ಲಿ ‘ವುಲ್ಫ್ ಫಿಶ್’ (ಚೂಪು ಹಲ್ಲಿನ ಬೇಟೆಗಾರ ಮೀನು) ಎಂದು ಕೊಡುವ ಮೂರು ಇಂಚಿನ ಕಂದು ಮರಿ ಬೆಳೆದು ಒಂದು ಗೇಣೂ ಆಗಬಹುದು, ಒಂದು ಮೀಟರೂ ಆಗಬಹುದು. ಹೆಸರು ಒಂದೇ, ಜಾತಿ ಬೇರೆ ಬೇರೆ. ಬೆಲೆ ಮಾತಾಡುವ ಮೊದಲು ಜಾತಿ ಖಚಿತ ಮಾಡಿಕೊಳ್ಳಿ.

ಮೊದಲು ಬೆನ್ನು. ನಮ್ಮ ಕೆರೆ, ಕಾಲುವೆಗಳ ಕೊರಮೀನಿಗೆ ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದ ಹತ್ತಿರದವರೆಗೂ ಉದ್ದಕ್ಕೆ ಇರುತ್ತದೆ. ವುಲ್ಫ್ ಫಿಶ್‌ಗೆ ಬೆನ್ನ ನಡುವೆ ಒಂದೇ ಗಿಡ್ಡ ರೆಕ್ಕೆ. ಕೊರಮೀನಿನ ಮರಿಯನ್ನೇ ಈ ಹೆಸರಲ್ಲಿ ಕೊಡುತ್ತಿದ್ದರೆ ಇಷ್ಟರಲ್ಲೇ ತಿಳಿಯುತ್ತದೆ.

ಆಮೇಲೆ ಗದ್ದ. ಮರಿಯನ್ನು ತಿಳಿ ಕವರಿಗೆ ಹಾಕಿಸಿ, ಕಣ್ಣಿಗಿಂತ ಮೇಲೆ ಎತ್ತಿ ಹಿಡಿದು, ಬೆಳಕಿನಲ್ಲಿ ಕೆಳಗಿನಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಕೆಳದವಡೆಯ ಎರಡು ಎಲುಬುಗಳ ಒಳಅಂಚು ತುದಿಯ ಕಡೆಗೆ ಥಟ್ಟನೆ ಕೂಡಿ ‘ವಿ’ ಆಕಾರವಾದರೆ ಅದು ಮಲಬಾರಿಕಸ್ ಎಂಬ ಮಧ್ಯಮ ಗಾತ್ರದ ವುಲ್ಫ್ ಫಿಶ್‌ನ ಗುಂಪು. ಕೊನೆಯವರೆಗೂ ಹೆಚ್ಚುಕಡಿಮೆ ಸಮಾನಾಂತರವಾಗಿ ಹೋಗಿ ‘ಯು’ ಥರ ಕಂಡರೆ ಬ್ಲ್ಯಾಕ್ ವುಲ್ಫ್ ಎನ್ನುವ ಕುರುಪಿರ ಅಥವಾ ದೈತ್ಯ ಐಮಾರ ಇರಬಹುದು. ಐಮಾರಕ್ಕೆ ಕಿವಿರು ಮುಚ್ಚಳದ ಅಂಚಿನ ಪೊರೆಯ ಮೇಲೆ ಮೇಲಿನಿಂದ ಕೆಳಕ್ಕೆ ಉದ್ದನೆಯ ಕಪ್ಪು ಕಲೆ ಇರುತ್ತದೆ. ಬಣ್ಣವನ್ನು ನಂಬಬೇಡಿ, ಹೆದರಿದ ಮೀನು ಗಂಟೆಯೊಳಗೆ ಬಣ್ಣ ಬದಲಿಸುತ್ತದೆ.

ಮಲಬಾರಿಕಸ್ ಸಾಮಾನ್ಯವಾಗಿ 30–40 ಸೆಂ.ಮೀ. ಬೆಳೆಯುತ್ತದೆ. ಐಮಾರ ಒಂದು ಮೀಟರ್ ಮುಟ್ಟುತ್ತದೆ, ಮನೆಯ ತೊಟ್ಟಿಗೆ ಅದು ಬೇಡವೇ ಬೇಡ. ಜಾಗ ಕಡಿಮೆ ಇದ್ದರೆ ಸುಮಾರು 20 ಸೆಂ.ಮೀ.ಗೆ ನಿಲ್ಲುವ, ಮೊಂಡು ತಲೆಯ ರೆಡ್ ವುಲ್ಫ್ ಕೇಳಿ. ಅಂದಹಾಗೆ, ಮಲಬಾರಿಕಸ್ ಎಂದರೆ ಕೇರಳದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1794ರಲ್ಲಿ ಹೆಸರಿಡುವಾಗ ಮೀನಿನ ಊರು ತಪ್ಪಾಗಿತ್ತು, ಅಷ್ಟೇ. ಇದು ದಕ್ಷಿಣ ಅಮೆರಿಕದ ಮೀನು.

ಹೊಟ್ಟೆ ಒಳಕ್ಕೆ ಹೋಗಿರುವ, ಕಣ್ಣು ಮಂಜಾದ, ದವಡೆ ತುದಿ ಗಾಯವಾದ ಮರಿ ಬೇಡ. ಸತ್ತ ಆಹಾರ ತಿನ್ನುತ್ತದೆಯೇ ಎಂದು ಎದುರಿಗೇ ಹಾಕಿಸಿ ನೋಡಿ.

ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬಳ್ಳಾರಿಗೆ ಬೆಂಗಳೂರಿನಿಂದ ಒಂದು ರಾತ್ರಿಯ ದಾರಿ. ಏಪ್ರಿಲ್, ಮೇ ಬಿಟ್ಟು ನವೆಂಬರಿನಿಂದ ಫೆಬ್ರವರಿಯೊಳಗೆ ತರಿಸಿ. ಹೊರಡುವ ಹಿಂದಿನ ದಿನ ಊಟ ಹಾಕಬಾರದು. ಕವರಿಗೆ ಒಂದೇ ಮೀನು. ಹಲ್ಲು ಚುಚ್ಚಿ ತೂತಾಗುವುದರಿಂದ ದಪ್ಪ ಕವರು ಎರಡು ಪದರ, ಮೂರರಲ್ಲಿ ಒಂದು ಪಾಲು ನೀರು, ಮಿಕ್ಕದ್ದು ಆಕ್ಸಿಜನ್, ಹೊರಗೆ ಥರ್ಮಕೋಲ್ ಡಬ್ಬಿ.

ಮನೆಗೆ ಬಂದಾಗಲೇ ಹೆಚ್ಚು ಮೀನು ಸಾಯುವುದು. ದಾರಿಯುದ್ದಕ್ಕೂ ಕವರಿನಲ್ಲಿ ಅಮೋನಿಯಾ ಕೂಡಿರುತ್ತದೆ. ಅಲ್ಲೇ ಸೇರಿರುವ ಇಂಗಾಲದ ಡೈಆಕ್ಸೈಡ್ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ತಗ್ಗಿಸಿ ಅದರ ವಿಷ ಏರದಂತೆ ತಡೆದಿರುತ್ತದೆ. ಕವರು ಬಿಚ್ಚಿದ ಕೂಡಲೇ ಆ ಅನಿಲ ಹೊರಹೋಗಿ ಪಿಎಚ್, ಜೊತೆಗೆ ಅಮೋನಿಯಾದ ವಿಷವೂ ಏರುತ್ತದೆ; ಅದಕ್ಕೆ ನಮ್ಮ ಗಡಸು ಬೋರ್ ನೀರು ಸೇರಿದರೆ ಇನ್ನಷ್ಟು. ಆದ್ದರಿಂದ ಬಾಯಿ ಕಟ್ಟಿದ ಕವರನ್ನೇ 20–30 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದು ಬಿಡಿ. ಬಲೆಯಲ್ಲಿ ಹಲ್ಲು ಸಿಕ್ಕಿಕೊಳ್ಳುತ್ತದೆ. ಕವರಿನ ನೀರು ಚೆಲ್ಲಿಬಿಡಿ.

ಮಲಬಾರಿಕಸ್‌ಗೆ 4×2×2 ಅಡಿಯ ತೊಟ್ಟಿ, ಒಳಗೆ ಒಂದೇ ಮೀನು, ಅಡಗಲು ಒಂದು ಅಗಲ ಪೈಪು. ನೀರು 24–28 ಡಿಗ್ರಿ ಇರಲಿ. ಬೇಸಿಗೆಯಲ್ಲಿ ಗಾಜಿನ ಮುಚ್ಚಳ ತೆಗೆದು ಕಬ್ಬಿಣದ ಜಾಲರಿ ಹೊದಿಸಿ, ಹಾರದಂತೆ ಮೇಲೆ ಇಟ್ಟಿಗೆಯಿಡಿ, ನೀರಿನ ಮೇಲೆ ಫ್ಯಾನ್ ಬೀಸಲಿ. ನಮ್ಮ ಕಡೆಯ ಒಣಗಾಳಿಗೆ ನೀರು ಬೇಗ ಆರಿ ತಣ್ಣಗಾಗುತ್ತದೆ. ಆದರೆ ಆರಿಹೋಗುವುದು ನೀರು ಮಾತ್ರ, ಉಪ್ಪಿನಂಶ ಉಳಿಯುತ್ತದೆ. ಇಳಿದಷ್ಟನ್ನು ಬೋರ್ ನೀರಿನಿಂದಲ್ಲ, ಆರ್‌ಒ ನೀರಿನಿಂದ ತುಂಬಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಕರೆಂಟ್ ಹೋಗುವುದೂ ಆಗಲೇ. ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ.

ಮರಿಗೆ ದಿನಕ್ಕೊಮ್ಮೆ, ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ ಸಿಗಡಿ, ಮೀನಿನ ತುಂಡು ಕೊಡಿ. ಉದ್ದ ಇಕ್ಕಳದಲ್ಲೇ ಕೊಡಬೇಕು. ಬದುಕಿದ ಮೀನು ಹಾಕಿದರೆ ರೋಗವೂ ಒಳಗೆ ಬರುತ್ತದೆ.

ದೊಡ್ಡದಾಯಿತೆಂದು ತುಂಗಭದ್ರಾ ಎಡದಂಡೆ ಕಾಲುವೆಗೋ ಕೆರೆಗೋ ಬಿಡಲೇಬೇಡಿ, ಅಲ್ಲಿನ ಮೀನುಗಳಿಗೆ ಇದರ ಹಲ್ಲಿನ ಪರಿಚಯವಿಲ್ಲ. ಕೊಳ್ಳುವಾಗಲೇ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿಟ್ಟುಕೊಳ್ಳಿ. ತೊಟ್ಟಿ ತೊಳೆಯಲು ಕೈ ಹಾಕುವ ಮುನ್ನ, ನಡುವೆ ಅಡ್ಡ ಹಲಗೆ ಇಳಿಸಿ ಮೀನನ್ನು ಒಂದು ಕಡೆಗೆ ಮಾಡಿ.